ಮಳೆಯ ಹಂಗು ಬಿಡಿಸಿದ ಶಕ್ತಿನಗರ

ರಾಯಚೂರಿನಿಂದ ಹೈದರಾಬಾದಿನ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು 20 ಕಿಲೋಮೀಟರಿಗೆ ಕೃಷ್ಣಾ ನದಿ ಎದುರಾಗುತ್ತದೆ. ಸ್ವಲ್ಪ ಮೇಲೆ ಭೀಮೆ ಬಂದು ಕೂಡಿಕೊಂಡಿರುವುದರಿಂದ ಇಲ್ಲಿ ನದಿಯ ಪಾತ್ರ ಅಗಲವಾಗಿದೆ. ಆಚೆ ದಡ ತೆಲಂಗಾಣ, ಅಲ್ಲಿಯ ರೈಲು ನಿಲ್ದಾಣದ ಹೆಸರೂ ಕೃಷ್ಣಾ. ಈಚೆ ದಡದಲ್ಲಿ ದೇವಸೂಗೂರು. ಊರಿನ ದೇವರು ಸೂಗೂರೇಶ್ವರ. ರಾಯಚೂರು ಸೀಮೆಯಲ್ಲಿ ಸೂಗಪ್ಪ, ಸೂಗಮ್ಮ ಎಂಬ ಹೆಸರಿನವರು ಊರೂರಿಗೂ ಸಿಗುವುದು ಈ ದೇವರ ದೆಸೆಯಿಂದ. ನಿಜಾಮರ ಕಾಲದ ಕಮಾನು ಸೇತುವೆ ಸಿರತ್-ಎ-ಜೂದಿ ನದಿ ದಾಟುವುದು ಇಲ್ಲಿಯೇ. ಜಾತ್ರೆಗೆ ಬರುವವರಿಗೂ ಹೊಳೆ ದಾಟಿ ವ್ಯಾಪಾರಕ್ಕೆ ಹೋಗುವವರಿಗೂ ಹಿಂದಿನಿಂದ ಪರಿಚಿತವಾಗಿದ್ದ ಈ ದಡಕ್ಕೆ 1980ರ ದಶಕದಲ್ಲಿ ಶಕ್ತಿನಗರ ಎಂಬ ಹೊಸ ಊರು ಬಂತು. ಕರ್ನಾಟಕ ವಿದ್ಯುತ್ ನಿಗಮದ ಮೊದಲ ಕಲ್ಲಿದ್ದಲು ಕೇಂದ್ರ ಎದ್ದು ನಿಂತದ್ದು ಇಲ್ಲಿ. ಕಾಗದಪತ್ರಗಳಲ್ಲಿ ಅದು ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ, ನಮ್ಮೆಲ್ಲರ ಬಾಯಲ್ಲಿ ಆರ್‌ಟಿಪಿಎಸ್.

ಮೊದಲ ಘಟಕಕ್ಕೆ 40 ವರ್ಷ ತುಂಬಿದ ನೆನಪಿನ ಈ ಸಂಚಿಕೆಯಲ್ಲಿ ಎಂಟು ಘಟಕ, 1720 ಮೆಗಾವ್ಯಾಟ್ ಎಂದು ಬರೆದು ಕೇಂದ್ರದ ಚರಿತ್ರೆಯನ್ನು ಮುಗಿಸಬಹುದಿತ್ತು. ನನಗೆ ಅದು ಸಾಲದೆನಿಸಿತು. ಮಳೆ ಕೈಕೊಟ್ಟ ವರ್ಷವೂ ಪಂಪು ತಿರುಗುತ್ತದೆ, ದೀಪ ಉರಿಯುತ್ತದೆ ಎಂಬ ಧೈರ್ಯ ಈ ನಾಡಿಗೆ ದೊಡ್ಡ ಪ್ರಮಾಣದಲ್ಲಿ ಮೊದಲು ಸಿಕ್ಕಿದ್ದು ಶಕ್ತಿನಗರದಿಂದ. ಆ ಧೈರ್ಯದ ಬೆಲೆಯನ್ನು ಯಾರು ಯಾರು ತೆತ್ತರು ಎಂಬುದೂ ಅದೇ ಚರಿತ್ರೆಯ ಭಾಗ. ಎರಡನ್ನೂ ಒಟ್ಟಿಗೆ ಹೇಳಬೇಕೆಂದೇ ಈ ಬರಹ.

ವಿದ್ಯುತ್ತೆಂದರೆ ಬೀಳುವ ನೀರು ಎಂದೇ ಕನ್ನಡಿಗರು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ತಿಳಿದಿದ್ದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದೇ ವಿದ್ಯುತ್ತಿನಿಂದ ಬೆಳಗಿದವು. 1948ರಲ್ಲಿ ಜೋಗದ ಕೇಂದ್ರ ಬಂತು. 1964ರಿಂದ ಶರಾವತಿಯ ಘಟಕಗಳು ಒಂದೊಂದಾಗಿ ತಿರುಗತೊಡಗಿದವು. 1970ರಲ್ಲಿ ಮೈಸೂರು ವಿದ್ಯುತ್ ನಿಗಮವೆಂದು ಹುಟ್ಟಿ ಮುಂದೆ ಕರ್ನಾಟಕ ವಿದ್ಯುತ್ ನಿಗಮವಾದ ಸಂಸ್ಥೆ ಕಾಳಿ ನದಿಯ ಯೋಜನೆಯನ್ನು ಕೈಗೆತ್ತಿಕೊಂಡಿತು. ಜಲವಿದ್ಯುತ್ತಿಗೆ ಇಂಧನದ ಖರ್ಚಿಲ್ಲ, ಹೊಗೆಯಿಲ್ಲ, ಬೂದಿಯಿಲ್ಲ. ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ಯಂತ್ರ ತಿರುಗುತ್ತದೆ, ಬೇಡವೆಂದಾಗ ನಿಲ್ಲುತ್ತದೆ. ಇಂಥ ಸುಖಕ್ಕೆ ಒಗ್ಗಿದ ನಾಡಿಗೆ ಕಲ್ಲಿದ್ದಲು ಯಾಕೆ ಬೇಕಾಯಿತು?

ಜಲಾಶಯದ ಲೆಕ್ಕಕ್ಕೂ ಜನರ ಬೇಡಿಕೆಯ ಲೆಕ್ಕಕ್ಕೂ ತಾಳೆಯಾಗದೆ ಹೋದದ್ದೇ ಕಾರಣ. ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬುವುದು ಮುಂಗಾರಿನಲ್ಲಿ. ವಿದ್ಯುತ್ತಿಗೆ ಹೆಚ್ಚು ಹಾಹಾಕಾರ ಏಳುವುದು ಫೆಬ್ರುವರಿಯಿಂದ ಏಪ್ರಿಲ್ ವರೆಗೆ; ಹೊಲದ ಪಂಪ್‌ಸೆಟ್ಟುಗಳು, ಪರೀಕ್ಷೆಗೆ ಓದುವ ಮಕ್ಕಳು, ಬೇಸಿಗೆಯ ಫ್ಯಾನುಗಳು ಎಲ್ಲವೂ ಒಟ್ಟಿಗೆ ಕೇಳುವ ತಿಂಗಳುಗಳು ಅವು. ಆ ಹೊತ್ತಿಗೆ ಜಲಾಶಯದ ಮಟ್ಟ ಇಳಿದಿರುತ್ತದೆ. ಒಂದು ವರ್ಷ ಮಲೆನಾಡಿನಲ್ಲಿ ಮಳೆ ಕಡಿಮೆಯಾದರೆ ಮುಂದಿನ ಬೇಸಿಗೆಯಲ್ಲಿ ನೂರಾರು ಮೈಲಿ ದೂರದ ಗಿರಣಿ ನಿಲ್ಲುತ್ತದೆ. 1970ರ, 80ರ ದಶಕಗಳಲ್ಲಿ ‘ಪವರ್ ಕಟ್’ ಎಂಬುದು ಕನ್ನಡದ ಮನೆಮಾತಾದದ್ದು ಹೀಗೆ. ಹೊಸ ಅಣೆಕಟ್ಟುಗಳಿಂದ ಇದು ಪೂರ್ತಿ ತೀರುವಂತಿರಲಿಲ್ಲ, ಅವೂ ಅದೇ ಮೋಡಗಳನ್ನು ನಂಬಿದವು. ಮೋಡವನ್ನು ನಂಬದ ಯಂತ್ರವೊಂದು ಬೇಕಿತ್ತು.

ಕರ್ನಾಟಕದಲ್ಲಿ ಚಿನ್ನವಿದೆ, ಕಬ್ಬಿಣದ ಅದಿರಿದೆ, ಕಲ್ಲಿದ್ದಲ ಗಣಿ ಇಲ್ಲ. ಹೊರಗಿನಿಂದ ತರಲೇಬೇಕೆಂದ ಮೇಲೆ, ಗಣಿಗೆ ಹತ್ತಿರವಿರುವ, ರೈಲು ಇರುವ, ವರ್ಷಪೂರ್ತಿ ನೀರು ಸಿಗುವ ಜಾಗ ಬೇಕು. ಈ ಮೂರನ್ನೂ ಇಟ್ಟುಕೊಂಡು ನಕಾಶೆ ನೋಡಿದರೆ ಬೆರಳು ರಾಯಚೂರಿನ ಮೇಲೆ ನಿಲ್ಲುತ್ತದೆ. ಮುಂಬಯಿ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ ಊರು ಅದು. ಪೂರ್ವದಲ್ಲಿ ಗೋದಾವರಿ ಕಣಿವೆಯ ಸಿಂಗರೇಣಿ ಗಣಿಗಳು. ರಾಯಚೂರೂ ಸಿಂಗರೇಣಿಯೂ ಒಂದು ಕಾಲಕ್ಕೆ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು; 1956ರ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಗಣಿಗಳು ಆಂಧ್ರಕ್ಕೆ ಹೋದವು. ಆಡಳಿತದ ನಂಟು ಕಡಿದ ಮೂರು ದಶಕಗಳ ಬಳಿಕ ಕಲ್ಲಿದ್ದಲು ಆ ಎರಡು ಸೀಮೆಗಳನ್ನು ಮತ್ತೆ ಕಟ್ಟಿತು. ನೀರಿಗೆ ಕೃಷ್ಣೆ ಇದ್ದೇ ಇದ್ದಳು.

ಇಲ್ಲಿ ಇನ್ನೊಂದು ಮಾತು. ಬೆಂಗಳೂರಿನ ಕಾರ್ಖಾನೆಗಳಿಗೆ ವಿದ್ಯುತ್ತು ಬೇಕಾದಾಗ, ಕಾರ್ಖಾನೆಗಳೇ ಅಪರೂಪವಾಗಿದ್ದ ಹೈದರಾಬಾದ್ ಕರ್ನಾಟಕದ ಒಣಭೂಮಿ ಅದನ್ನು ಕೊಡಬೇಕಾಯಿತು. ದಡದ ಹಳ್ಳಿಗಳ ರೈತರು ಹೊಲ ಬಿಟ್ಟುಕೊಟ್ಟರು. ಎರಡು ನದಿಗಳ ನಡುವೆ ಇದ್ದೂ ಮಳೆಗೆ ಕಾಯುವ ನಾಡು ಇದು. ಇಲ್ಲಿ ನದಿಗೆ ಹತ್ತಿರದ ಹೊಲವೆಂದರೆ ಕುಟುಂಬದ ಆಸ್ತಿಯಲ್ಲೆಲ್ಲ ಮೇಲಾದದ್ದು. ರಾಜ್ಯದ ವಿದ್ಯುತ್ತಿನ ಇತಿಹಾಸದಲ್ಲಿ ಎಂಜಿನಿಯರುಗಳ ಹೆಸರಿಗಿಂತ ಮೊದಲು ಬರಬೇಕಾದವರು ಆ ರೈತರು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಿಗಮದ ಅನುಭವವೆಲ್ಲ ಅಲ್ಲಿಯವರೆಗೆ ನೀರಿನದು. ಪೆನ್‌ಸ್ಟಾಕ್, ಟರ್ಬೈನ್, ಜಲಾಶಯದ ಮಟ್ಟ ಎಂದು ಬೆಳೆದ ಸಂಸ್ಥೆ ಈಗ ಬಾಯ್ಲರು, ಮಿಲ್ಲು, ಬೂದಿ ಎಂಬ ಹೊಸ ಪಾಠ ಓದಬೇಕಿತ್ತು. ಯಂತ್ರಗಳು ಸರ್ಕಾರಿ ಸಂಸ್ಥೆ ಬಿಎಚ್‌ಇಎಲ್‌ನವು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ, ಕಾದ ಉಕ್ಕಿನ ತೊಲೆಗಳ ಮೇಲೆ ನಿಂತು ವೆಲ್ಡಿಂಗ್ ಮಾಡಿದವರ ಕೆಲಸ 1985ರ ಮಾರ್ಚ್‌ನಲ್ಲಿ ಫಲ ಕೊಟ್ಟಿತು. 210 ಮೆಗಾವ್ಯಾಟಿನ ಮೊದಲ ಘಟಕ ಚಾಲನೆಗೆ ಬಂತು. ಮರುವರ್ಷ, 1986ರಲ್ಲಿ, ಅದೇ ಅಳತೆಯ ಎರಡನೆಯದು.

ಆಮೇಲಿನ ಬೆಳವಣಿಗೆಯನ್ನು ಬೇಗ ಹೇಳಿಬಿಡುತ್ತೇನೆ. ಮೂರನೆಯ ಘಟಕ 1991ರಲ್ಲಿ, ನಾಲ್ಕನೆಯದು 1994ರಲ್ಲಿ ಬಂದವು. 1999 ಒಂದೇ ವರ್ಷದಲ್ಲಿ ಐದನೆಯದೂ ಆರನೆಯದೂ ಸೇರಿದವು. 2002ರಲ್ಲಿ ಏಳನೆಯದು. ಏಳೂ 210 ಮೆಗಾವ್ಯಾಟಿನವು. 2010ರಲ್ಲಿ ಬಂದ ಎಂಟನೆಯದು ಮಾತ್ರ 250. ಕಾಲು ಶತಮಾನದಲ್ಲಿ ಎಂಟು ಘಟಕ. ಅಷ್ಟರಲ್ಲಿ ರಾಜ್ಯದ ವಿದ್ಯುತ್ ವ್ಯವಸ್ಥೆಯಲ್ಲಿ ಆರ್‌ಟಿಪಿಎಸ್‌ನ ಸ್ಥಾನ ಎಷ್ಟು ಗಟ್ಟಿಯಾಗಿತ್ತೆಂದರೆ, ಇಲ್ಲಿ ಎರಡು ಘಟಕ ನಿಂತರೆ ಅದು ಮರುದಿನ ಪತ್ರಿಕೆಗಳ ಮುಖಪುಟದ ಸುದ್ದಿಯಾಗುತ್ತಿತ್ತು.

ಈ ಎಂಟು ಘಟಕಗಳು ದಿನಕ್ಕೆ ಏನು ತಿನ್ನುತ್ತವೆ ಎಂಬುದನ್ನು ಕೂಡಿ ಕಳೆದು ನೋಡಬಹುದು. ಎಲ್ಲವೂ ಪೂರ್ಣ ಸಾಮರ್ಥ್ಯದಲ್ಲಿ ಇಡೀ ದಿನ ನಡೆದರೆ ಸುಮಾರು 4 ಕೋಟಿ 12 ಲಕ್ಷ ಯೂನಿಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ಟಿಗೆ ಮುಕ್ಕಾಲು ಕೆಜಿಗೆ ತುಸು ಕಡಿಮೆ ಬೇಕೆಂದು ಹಿಡಿದರೂ ದಿನಕ್ಕೆ 28 ಸಾವಿರ ಟನ್ನಿನ ಆಸುಪಾಸು. ಒಂದು ರೈಲು ರೇಕಿನಲ್ಲಿ 58ರಷ್ಟು ವ್ಯಾಗನ್ನುಗಳು, ಹೊರೆ ಮೂರೂವರೆ ಸಾವಿರ ಟನ್ನಿಗೂ ಮೇಲೆ. ಅಂದರೆ ಪ್ರತಿ ಮೂರು ತಾಸಿಗೊಂದು ರೇಕು ಹಗಲೂ ರಾತ್ರಿ ಬರುತ್ತಲೇ ಇರಬೇಕು. ಸಿಂಗರೇಣಿಯದು ಹತ್ತಿರದ ಮೂಲ. ಮಹಾರಾಷ್ಟ್ರ ಕಡೆಯ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನಿಂದಲೂ ಬರುತ್ತದೆ, ಸಾವಿರ ಕಿಲೋಮೀಟರಿಗೂ ದೂರದ ಒಡಿಶಾದ ತಾಲ್ಚೇರ್ ಸೀಮೆಯ ಮಹಾನದಿ ಕೋಲ್‌ಫೀಲ್ಡ್ಸ್‌ನಿಂದಲೂ ಬರುತ್ತದೆ. ಒಂದೊಂದು ಗಣಿಯ ಕಲ್ಲಿದ್ದಲಿಗೂ ಒಂದೊಂದು ಸ್ವಭಾವ. ಒಂದರಲ್ಲಿ ಬೂದಿ ಹೆಚ್ಚು, ಇನ್ನೊಂದರಲ್ಲಿ ಕಲ್ಲು ಹೆಚ್ಚು, ಮತ್ತೊಂದು ಗುಡ್ಡೆ ಹಾಕಿದಲ್ಲೇ ಒಳಗೊಳಗೇ ಕಾದು ಹೊಗೆಯಾಡುತ್ತದೆ.

ಬಂದ ವ್ಯಾಗನ್ನನ್ನು ಟಿಪ್ಲರ್ ಬಿಗಿಯಾಗಿ ಹಿಡಿದು ಹಾಗೆಯೇ ಬೋರಲು ಮಾಡುತ್ತದೆ. ಕೆಳಗಿನ ಹಾಪರಿಗೆ ಕಲ್ಲಿದ್ದಲು ಸುರಿದು, ಕ್ರಷರಿನಲ್ಲಿ ಒಡೆದು ಚೂರಾಗಿ, ಕನ್ವೇಯರ್ ಬೆಲ್ಟಿನ ಮೇಲೆ ಬಂಕರುಗಳಿಗೆ ಏರುತ್ತದೆ. ಬೇಸಿಗೆಯಲ್ಲಿ ಇಲ್ಲಿಯ ಶತ್ರು ಧೂಳು ಮತ್ತು ಬೆಂಕಿ. ಮಳೆಗಾಲದಲ್ಲಿ ಬೇರೆಯೇ ಪಾಡು. ನೆನೆದ ಪುಡಿ ಕಲ್ಲಿದ್ದಲು ಕೆಸರಾಗಿ ಹಾಪರಿನ ಗೋಡೆಗೆ ಮೆತ್ತಿಕೊಳ್ಳುತ್ತದೆ, ಬಂಕರಿನ ಬಾಯಿ ಕಟ್ಟುತ್ತದೆ. ಆಗ ಕಬ್ಬಿಣದ ಸಲಾಕೆ ಹಿಡಿದು ಅದನ್ನು ಬಡಿದು ಇಳಿಸುವವರು ಬೇಕು. ಕೋಟ್ಯಂತರ ರೂಪಾಯಿಯ ಯಂತ್ರ ಹೀಗೆ ಒಬ್ಬ ಗುತ್ತಿಗೆ ಕಾರ್ಮಿಕನ ತೋಳಬಲವನ್ನು ನಂಬಿ ನಿಂತ ಗಳಿಗೆಗಳು ಪ್ರತಿ ಮಳೆಗಾಲದಲ್ಲೂ ಇವೆ. ಮಳೆಯನ್ನು ನಂಬದಿರಲೆಂದು ಕಟ್ಟಿದ ಕೇಂದ್ರಕ್ಕೂ ಮಳೆ ತನ್ನ ತೊಂದರೆ ಕೊಡುವುದನ್ನು ಬಿಟ್ಟಿಲ್ಲ.

ಬಂಕರಿನಿಂದ ಮಿಲ್ಲಿಗೆ. ಅಲ್ಲಿ ಕಲ್ಲಿದ್ದಲು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾಗುತ್ತದೆ. ಬಿಸಿಗಾಳಿ ಆ ಪುಡಿಯನ್ನು ಹೊತ್ತು ಬಾಯ್ಲರಿನ ನಾಲ್ಕು ಮೂಲೆಗಳಿಂದ ಒಳಗೆ ಊದುತ್ತದೆ. ನಾಲ್ಕು ಕಡೆಯ ಜ್ವಾಲೆಗಳೂ ತುಸು ಓರೆಯಾಗಿ ಬಂದು ನಡುವೆ ಒಂದು ಬೆಂಕಿಯ ಚೆಂಡಾಗಿ ಸುತ್ತುತ್ತವೆ. ಶಾಖ 1200 ಡಿಗ್ರಿಗೂ ಮೇಲೆ. ದಪ್ಪ ಗಾಜಿನ ಕಿಂಡಿಯಲ್ಲಿ ಅದನ್ನು ನೋಡಿದವರು ಬೇಗ ಮರೆಯಲಾರರು. ಬಾಯ್ಲರಿನ ಬಗ್ಗೆ ಹೊರಗಿನವರಿಗೆ ತಿಳಿಯದ ಒಂದು ಸಂಗತಿ: ಅಷ್ಟು ಎತ್ತರದ ಆ ಕಟ್ಟಡವನ್ನು ನೆಲದ ಮೇಲೆ ಕೂರಿಸಿಲ್ಲ, ಮೇಲಿನ ಉಕ್ಕಿನ ತೊಲೆಗಳಿಗೆ ತೂಗುಹಾಕಿದ್ದಾರೆ. ಬಿಸಿಯಾದಂತೆ ಅದು ಕೆಳಗೆ ಬೆಳೆಯುತ್ತದೆ, ತಣ್ಣಗಾದಾಗ ಮೇಲಕ್ಕೆ ಸೇರುತ್ತದೆ. ನೆಲಕ್ಕೆ ಕಟ್ಟಿಹಾಕಿದ್ದರೆ ಮೊದಲ ಬಿಸಿಗೇ ಸೀಳಿಹೋಗುತ್ತಿತ್ತು.

ಬಾಯ್ಲರಿನ ಗೋಡೆಗಳೇ ನೀರಿನ ಕೊಳವೆಗಳು. ಅವುಗಳಲ್ಲಿ ಓಡುವುದು ಕೃಷ್ಣೆಯ ನೀರು, ಆದರೆ ಲವಣದ ಒಂದು ಕಣವೂ ಉಳಿಯದಂತೆ ಶುದ್ಧ ಮಾಡಿದ ನೀರು. ಅದು ಹಬೆಯಾಗಿ, 540 ಡಿಗ್ರಿಯ ಹತ್ತಿರಕ್ಕೆ ಕಾದು, ಗಾಳಿಯ ಸಾಮಾನ್ಯ ಒತ್ತಡದ ನೂರು ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ ಟರ್ಬೈನಿನ ಅಲಗುಗಳ ಮೇಲೆ ನುಗ್ಗುತ್ತದೆ. ಟರ್ಬೈನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ; ಒಂದು ಸುತ್ತು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂಬಷ್ಟು ಶಿಸ್ತು ಅದಕ್ಕೆ ಬೇಕು. ಆ ವೇಗವೇ ಮನೆಯ ಪ್ಲಗ್ಗಿನಲ್ಲಿ ಸೆಕೆಂಡಿಗೆ 50 ಆವರ್ತವಾಗಿ ಬರುವುದು. ಜನರೇಟರಿನ ವಿದ್ಯುತ್ತು ಸ್ವಿಚ್‌ಯಾರ್ಡಿಗೆ ಹೋಗಿ ಲಕ್ಷಗಟ್ಟಲೆ ವೋಲ್ಟಿಗೆ ಏರಿ ತಂತಿ ಹಿಡಿದು ದಕ್ಷಿಣಕ್ಕೆ ಹೊರಡುತ್ತದೆ.

ಕಂಟ್ರೋಲ್ ರೂಮಿನವರು ಹೆಚ್ಚು ಹೆದರುವುದು ಒಂದು ಸದ್ದಿಗೆ. ಕಲ್ಲಿದ್ದಲಿನ ಬೂದಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಕೊಳವೆಯ ಗೋಡೆ ತೆಳುವಾಗಿರುತ್ತದೆ. ಒಂದು ದಿನ ಅದು ಒಡೆದು ಹಬೆ ಹೊರಗೆ ಚಿಮ್ಮುತ್ತದೆ. ಇದಕ್ಕೆ ಇಲ್ಲಿಯ ಮಾತು ‘ಟ್ಯೂಬ್ ಲೀಕ್’. ಅನುಭವಿ ಆಪರೇಟರುಗಳು ಮೀಟರು ತೋರಿಸುವ ಮೊದಲೇ, ಬಾಯ್ಲರಿನ ಪಕ್ಕ ನಡೆದುಹೋಗುವಾಗ ಸದ್ದಿನಲ್ಲೇ ಅದನ್ನು ಗುರುತಿಸುತ್ತಾರೆ. ಘಟಕ ನಿಲ್ಲಿಸಬೇಕು. ಬಾಯ್ಲರು ಮನುಷ್ಯ ಒಳಗೆ ಹೋಗುವಷ್ಟು ತಣಿಯಲು ತಾಸುಗಟ್ಟಲೆ ಕಾಯಬೇಕು. ಆಮೇಲೆ ಬೂದಿಯ ನಡುವೆ ತೂರಿ ಹೋಗಿ, ಕೆಟ್ಟ ತುಂಡು ಕತ್ತರಿಸಿ, ಹೊಸದನ್ನು ಬೆಸೆದು, ಆ ಬೆಸುಗೆಯನ್ನು ಪರೀಕ್ಷಿಸಿ, ನೀರಿನ ಒತ್ತಡ ಕೊಟ್ಟು ನೋಡಿ, ಎಣ್ಣೆಯಿಂದ ಮತ್ತೆ ಲೈಟ್‌ಅಪ್ ಮಾಡಿ, ನಿಧಾನವಾಗಿ ಬಿಸಿಯೇರಿಸಿ ಗ್ರಿಡ್ಡಿಗೆ ಸೇರಿಸಬೇಕು. ಅಷ್ಟರಲ್ಲಿ ದಿನಗಳೇ ಕಳೆದಿರುತ್ತವೆ. ‘ತಾಂತ್ರಿಕ ದೋಷದಿಂದ ಘಟಕ ಸ್ಥಗಿತ’ ಎಂದು ಒಂದು ಸಾಲಿನಲ್ಲಿ ಓದುವ ಸುದ್ದಿಯ ಹಿಂದೆ ನಿದ್ದೆಗೆಟ್ಟ ಇಷ್ಟು ಜನ ಇರುತ್ತಾರೆ. ಹಬ್ಬದ ದಿನವೆಂದು ಬಾಯ್ಲರು ಆರುವುದಿಲ್ಲ. ಮೂರು ಶಿಫ್ಟಿನ ಬದುಕಿಗೆ ಶಕ್ತಿನಗರದ ಮನೆಗಳು ಹೊಂದಿಕೊಂಡಿವೆ. ರಾತ್ರಿಪಾಳಿ ಮುಗಿಸಿ ಬಂದ ಅಪ್ಪ ಮಲಗಿದ್ದಾನೆಂದು ಹಗಲಲ್ಲಿ ಮೆಲ್ಲಗೆ ಮಾತಾಡುವುದನ್ನು ಇಲ್ಲಿಯ ಮಕ್ಕಳು ಚಿಕ್ಕಂದಿನಲ್ಲೇ ಕಲಿಯುತ್ತಾರೆ.

ಇನ್ನು ನದಿಯ ಮಾತು. ಕಲ್ಲಿದ್ದಲು ಕೇಂದ್ರವೆಂದರೆ ಬೆಂಕಿಯೇ ಎಲ್ಲವೂ ಎಂದು ಹೊರಗಿನವರು ಭಾವಿಸುತ್ತಾರೆ. ಒಳಗಿನವರಿಗೆ ಗೊತ್ತು, ಇದು ಅರ್ಧಕ್ಕರ್ಧ ನೀರಿನ ಕಾರ್ಖಾನೆ. ಈ ಪೀಳಿಗೆಯ ಘಟಕಗಳಲ್ಲಿ ಕಲ್ಲಿದ್ದಲಿನ ಶಾಖದ ಮೂರನೇ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದರಲ್ಲಿ ಸ್ವಲ್ಪ ಚಿಮಣಿಯಲ್ಲಿ ಹೋಗುತ್ತದೆ; ಹೆಚ್ಚು ಪಾಲನ್ನು, ಟರ್ಬೈನಿನಿಂದ ಬಂದ ಹಬೆಯನ್ನು ತಣಿಸುವ ಕಂಡೆನ್ಸರಿನಲ್ಲಿ ನೀರು ಹೀರಿಕೊಂಡು ಕೂಲಿಂಗ್ ಟವರುಗಳಲ್ಲಿ ಆವಿಯಾಗಿ ಆಕಾಶಕ್ಕೆ ಬಿಡುತ್ತದೆ. ಹೀಗೆ ಆವಿಯಾದಷ್ಟನ್ನು ನದಿಯಿಂದ ತುಂಬಿಕೊಡುತ್ತಿರಬೇಕು. ಬೂದಿ ಸಾಗಿಸಲೂ ನೀರೇ. ಹಳೆಯ ಕೇಂದ್ರಗಳು ಒಂದು ಯೂನಿಟ್ಟಿಗೆ ಮೂರೂವರೆ ಲೀಟರಿಗಿಂತ ಹೆಚ್ಚು ಬಳಸಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ಮಿತಿ ಹಾಕಿತು. ಆ ಮಿತಿಯಲ್ಲೇ ನಡೆದರೂ ಎಂಟು ಘಟಕಗಳ ಪೂರ್ಣ ಉತ್ಪಾದನೆಗೆ ದಿನಕ್ಕೆ 14 ಕೋಟಿ ಲೀಟರಿನಷ್ಟು ನೀರಾಗುತ್ತದೆ.

ಬೇಸಿಗೆಯಲ್ಲಿ ಕೃಷ್ಣೆ ಇಲ್ಲಿ ಬಂಡೆಗಳ ನಡುವೆ ತೆಳ್ಳಗಾಗುತ್ತಾಳೆ. ಗುರ್ಜಾಪುರದ ಬ್ಯಾರೇಜು ಒಂದಿಷ್ಟನ್ನು ಹಿಡಿದಿಡುತ್ತದೆ. ಅದೂ ಸಾಲದಾದಾಗ ಮೇಲಿನ ನಾರಾಯಣಪುರ ಜಲಾಶಯದಿಂದ ಬಿಡಿಸಿಕೊಳ್ಳಬೇಕು. ಬಿಟ್ಟ ನೀರು ಒಣ ಪಾತ್ರವನ್ನು ತೋಯಿಸಿಕೊಂಡು, ದಾರಿಯ ಪಂಪುಗಳನ್ನು ದಾಟಿಕೊಂಡು ಶಕ್ತಿನಗರ ಮುಟ್ಟಬೇಕು. ಅದೇ ನೀರನ್ನು ಕಾಲುವೆಯ ತುದಿಯ ರೈತನೂ ಕಾಯುತ್ತಿರುತ್ತಾನೆ. ಕಾರ್ಖಾನೆಗೋ ಬೆಳೆಗೋ ಎಂಬ ಪ್ರಶ್ನೆ ಬಂದ ಬೇಸಿಗೆಗಳಲ್ಲಿ ಅಧಿಕಾರಿಗಳಿಗೆ ಸುಲಭದ ಉತ್ತರ ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಇದಕ್ಕೆ ತದ್ವಿರುದ್ಧದ ದಿನಗಳೂ ಬಂದವು: 2009ರ ಅಕ್ಟೋಬರಿನಲ್ಲಿ ಇದೇ ನದಿ ಉಕ್ಕಿ ರಾಯಚೂರು ಜಿಲ್ಲೆಯ ಹಳ್ಳಿಗಳನ್ನು ಮುಳುಗಿಸಿತು. ಮಳೆಯ ಹಂಗು ಬಿಡಿಸಲು ಬಂದ ಕೇಂದ್ರಕ್ಕೆ ನದಿಯ ಹಂಗು ತಪ್ಪಲಿಲ್ಲ. ಮೋಡಕ್ಕೆ ಬರೆದುಕೊಟ್ಟಿದ್ದ ಸಾಲಪತ್ರವನ್ನು ಕೃಷ್ಣೆಯ ಹೆಸರಿಗೆ ವರ್ಗಾಯಿಸಿದೆವು, ಅಷ್ಟೇ.

ಗಣಿಗಾರರ ಹಂಗೂ ಇದೆ. 2011ರ ಸೆಪ್ಟೆಂಬರಿನಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನುಲ ಸಮ್ಮೆ ಎಂಬ ಮುಷ್ಕರ ಆರಂಭವಾಗಿ ಅಕ್ಟೋಬರಿನವರೆಗೂ ನಡೆಯಿತು. ಸಿಂಗರೇಣಿಯ ಕಾರ್ಮಿಕರು ಗಣಿಗಿಳಿಯಲಿಲ್ಲ. ಶಕ್ತಿನಗರದ ಕಲ್ಲಿದ್ದಲ ಅಂಗಳ ಬರಿದಾಗತೊಡಗಿತು, ಬೆಂಗಳೂರು ಸೇರಿದಂತೆ ರಾಜ್ಯದೆಲ್ಲೆಡೆ ವಿದ್ಯುತ್ತು ಕಡಿತವಾಯಿತು. ಕರ್ನಾಟಕದ ಮನೆಗಳ ಬೆಳಕಿಗೂ ಗೋದಾವರಿ ಕಣಿವೆಯ ನೆಲದಾಳದಲ್ಲಿ ದುಡಿಯುವ ತೆಲುಗು ಕಾರ್ಮಿಕರ ಬದುಕಿಗೂ ಇರುವ ಸಂಬಂಧ ಆ ಕೆಲವು ವಾರ ಎಲ್ಲರ ಕಣ್ಣಿಗೂ ಬಿತ್ತು. ಅವರ ಹೆಸರೂ ಈ ಸಂಚಿಕೆಯ ಕೃತಜ್ಞತೆಯ ಪಟ್ಟಿಯಲ್ಲಿರಲಿ.

ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಉರಿಯದ ಬೂದಿಯಾಗಿ ಉಳಿಯುತ್ತದೆ. 28 ಸಾವಿರ ಟನ್ನು ಸುಟ್ಟ ದಿನ 9 ಸಾವಿರ ಟನ್ನಿಗೂ ಹೆಚ್ಚು ಬೂದಿ. ಅದರಲ್ಲಿ ಐದನೇ ಒಂದು ಭಾಗ ಬಾಯ್ಲರಿನ ತಳಕ್ಕೆ ಬೀಳುತ್ತದೆ. ಉಳಿದದ್ದು ಹೊಗೆಯ ಜತೆ ಹಾರುವ ಹಾರುಬೂದಿ. ಇಎಸ್‌ಪಿ ಎಂಬ ಯಂತ್ರದಲ್ಲಿ ಭಾರಿ ವೋಲ್ಟೇಜಿನ ತಂತಿಗಳು ಆ ಕಣಗಳಿಗೆ ವಿದ್ಯುದಂಶ ಕೊಟ್ಟು ತಗಡುಗಳಿಗೆ ಅಂಟಿಸುತ್ತವೆ. ತಗಡಿಗೆ ಸುತ್ತಿಗೆ ಬಡಿದಾಗ ಬೂದಿ ಉದುರಿ ಕೆಳಗೆ ಸೇರುತ್ತದೆ. ಯಂತ್ರ ಸರಿಯಾಗಿದ್ದರೆ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಸಿಕ್ಕಿಬೀಳುತ್ತದೆ. ಸಿಕ್ಕ ಬೂದಿ ಎಲ್ಲಿಗೆ ಹೋಗಬೇಕು? ಮೊದಲ ವರ್ಷಗಳಲ್ಲಿ ನೀರಿನಲ್ಲಿ ಕಲಸಿ ಬೂದಿ ಹೊಂಡಗಳಿಗೆ ಬಿಡುವುದೇ ದಾರಿಯಾಗಿತ್ತು. ಸಿಮೆಂಟಿನಲ್ಲಿ ಹಾರುಬೂದಿ ಬೆರೆಸಬಹುದೆಂಬುದು ಬಳಕೆಗೆ ಬಂದ ಮೇಲೆ, ಅದನ್ನು ಉಪಯೋಗಿಸಲೇಬೇಕೆಂಬ ಕೇಂದ್ರ ಸರ್ಕಾರದ 1999ರ ಅಧಿಸೂಚನೆಯೂ ಬಂದ ಮೇಲೆ, ಒಣ ಬೂದಿ ತುಂಬಿದ ಟ್ಯಾಂಕರುಗಳು ಸಿಮೆಂಟ್ ಕಾರ್ಖಾನೆಗಳತ್ತ ಹೊರಟವು. ಸುಣ್ಣದ ಕಲ್ಲಿನ ಕಲಬುರಗಿ ಸೀಮೆ ದೂರವಿಲ್ಲ. ಇಟ್ಟಿಗೆ ಮಾಡುವವರೂ ಬಂದರು.

ಆದರೂ ಬೂದಿ ಹೊಂಡದ ಪಕ್ಕದ ಊರಿನವರಿಗೆ ಬೇಸಿಗೆಯ ಗಾಳಿ ಎಂದರೆ ಏನೆಂದು ಕೇಳಬೇಕು. ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ಅನ್ನದ ಮೇಲೆ, ಹೊಲದ ಎಲೆಯ ಮೇಲೆ ಧೂಳು ಕೂರುತ್ತದೆ. ಈ ದೂರನ್ನು ಅವರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಸ್ಮರಣ ಸಂಚಿಕೆಯಲ್ಲಿ ಇದು ಬೇಡವೆನ್ನುವವರಿದ್ದಾರೆ. ಇಲ್ಲಿಯೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ರಾಜ್ಯದ ಉಳಿದವರಿಗೆ ಸ್ವಿಚ್ಚು ಒತ್ತಿದಾಗ ಬೆಳಕು ಮಾತ್ರ ಕಾಣುತ್ತದೆ, ಆ ಬೆಳಕಿನ ಉಳಿಕೆಯ ಜತೆ ದಿನವೂ ಬಾಳುವವರು ಈ ದಡದವರು. ಹೊಂಡಗಳಿಗೆ ನೀರು ಚಿಮುಕಿಸುವುದು, ತುಂಬಿದವುಗಳ ಮೇಲೆ ಮಣ್ಣು ಹೊದಿಸಿ ಗಿಡ ಬೆಳೆಸುವುದು, ಊರುಗಳಲ್ಲಿ ಶ್ವಾಸಕೋಶದ ತಪಾಸಣೆಯನ್ನು ವರ್ಷವರ್ಷವೂ ನಡೆಸುವುದು ಉತ್ಪಾದನೆಯಷ್ಟೇ ಮುಖ್ಯವಾದ ಕೆಲಸವೆಂದು ಎಣಿಸಬೇಕು.

2002ರಲ್ಲಿ ಏಳನೆಯ ಘಟಕ ಬಂದ ಕೆಲವೇ ವರ್ಷಗಳಲ್ಲಿ ನಿಗಮದ ಕಲ್ಲಿದ್ದಲ ವಿದ್ಯೆ ಬೇರೆಡೆಗೂ ಹರಡಿತು. ಬಳ್ಳಾರಿಯ ಕುಡತಿನಿಯಲ್ಲಿ ದೊಡ್ಡ ಘಟಕಗಳು ಬಂದವು. ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಎರಡು ಘಟಕಗಳು ಎದ್ದವು. ಅವುಗಳಲ್ಲಿ ಒಂದೊಂದೂ ಇಲ್ಲಿಯ ಸುಮಾರು ನಾಲ್ಕು ಹಳೆಯ ಘಟಕಗಳಿಗೆ ಸಮ, ಅದೂ ಯೂನಿಟ್ಟಿಗೆ ಕಡಿಮೆ ಕಲ್ಲಿದ್ದಲಲ್ಲಿ. ರಾಯಚೂರಿನ ಹೆಸರು ದೇಶದ ವಿದ್ಯುತ್ ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೂ ಸೇರಿದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ, ಅಲ್ಲಿಯವರೆಗೆ ಬೇರೆಯಾಗಿ ಮಿಡಿಯುತ್ತಿದ್ದ ದಕ್ಷಿಣದ ಗ್ರಿಡ್ಡು ಉಳಿದ ದೇಶದ ಗ್ರಿಡ್ಡಿನೊಂದಿಗೆ ಒಂದಾಯಿತು. ಅಂದಿನಿಂದ ಶಕ್ತಿನಗರದ ಟರ್ಬೈನುಗಳೂ ಪಂಜಾಬಿನ ಟರ್ಬೈನುಗಳೂ ಒಂದೇ ತಾಳಕ್ಕೆ ತಿರುಗುತ್ತಿವೆ.

ಕಳೆದ ಹತ್ತು ವರ್ಷಗಳಲ್ಲಿ ಕೇಂದ್ರದ ದಿನಚರಿ ಬದಲಾಗಿದೆ. ಪಾವಗಡದ 2050 ಮೆಗಾವ್ಯಾಟಿನ ಸೌರ ಉದ್ಯಾನ, ಬಯಲುಸೀಮೆಯ ಗಾಳಿಯಂತ್ರಗಳು ರಾಜ್ಯಕ್ಕೆ ಬಂದಿವೆ. ಹಗಲು ಬಿಸಿಲಿನಿಂದ ವಿದ್ಯುತ್ತು ಸಿಗುತ್ತದೆ; ಮುಂಗಾರಿನಲ್ಲಿ ಗಾಳಿಯಿಂದಲೂ ಜಲಾಶಯಗಳಿಂದಲೂ ಸಿಗುತ್ತದೆ. ಆಗ ಆರ್‌ಟಿಪಿಎಸ್‌ನ ಕೆಲವು ಘಟಕಗಳನ್ನು ಬೇಡಿಕೆಯಿಲ್ಲವೆಂದು ನಿಲ್ಲಿಸಿಡುತ್ತಾರೆ. ಸಂಜೆ ಸೂರ್ಯ ಮುಳುಗಿದಾಗ, ಮಾರ್ಚ್ ತಿಂಗಳು ಬಂದಾಗ ಮತ್ತೆ ಕರೆ ಬರುತ್ತದೆ. ಇಡೀ ವರ್ಷ ಒಂದೇ ಸಮ ಉರಿಯಲೆಂದು ಕಟ್ಟಿದ ಬಾಯ್ಲರು ಈಗ ಏರಿಳಿಯಬೇಕಾಗಿದೆ. ಕಾದು ಹಿಗ್ಗಿ, ತಣಿದು ಕುಗ್ಗುವ ಪ್ರತಿ ಸಲವೂ ಹಳೆಯ ಲೋಹ ದಣಿಯುತ್ತದೆ, ಟ್ಯೂಬ್ ಲೀಕಿನ ಸಂಭವ ಹೆಚ್ಚುತ್ತದೆ. 25 ವರ್ಷಗಳ ಬಾಳಿಕೆಗೆಂದು ಲೆಕ್ಕ ಹಾಕಿದ್ದ ಮೊದಲ ಘಟಕಗಳು 40ರ ಹತ್ತಿರಕ್ಕೂ ಆಚೆಗೂ ದುಡಿದಿದ್ದು ಅವುಗಳನ್ನು ಕಾಪಾಡಿದ ಮೆಂಟೆನನ್ಸ್ ವಿಭಾಗದ ಕಸುಬಿನ ಫಲ. ಅವುಗಳನ್ನು ಗೌರವದಿಂದ ನಿವೃತ್ತಿಗೊಳಿಸುವ ದಿನ ದೂರವಿಲ್ಲ. ಹೊಗೆಯ ಗಂಧಕವನ್ನು ತೊಳೆಯುವ ಯಂತ್ರಗಳಿಗೆ ಅಷ್ಟು ಹಳೆಯ ಘಟಕಗಳ ಮೇಲೆ ದೊಡ್ಡ ಹಣ ಹಾಕುವುದಕ್ಕಿಂತ, ಇರುವ ಸ್ವಿಚ್‌ಯಾರ್ಡು, ತಂತಿಮಾರ್ಗ, ಜಮೀನನ್ನು ಸೌರ ಮತ್ತು ಬ್ಯಾಟರಿಗೆ ಬಳಸುವುದು ಮೇಲು ಎನ್ನುವವರ ವಾದದಲ್ಲಿ ನನಗೆ ಹುರುಳು ಕಾಣುತ್ತದೆ. ಆಗಲೂ ಇಲ್ಲಿಯ ಕೆಲಸ ಇಲ್ಲಿಯವರಿಗೇ ಉಳಿಯಬೇಕು. ಹೊಲ ಕೊಟ್ಟ ಮನೆಗಳ ಮೂರನೆಯ ತಲೆಮಾರು ಈಗ ಐಟಿಐ, ಡಿಪ್ಲೊಮಾ ಮುಗಿಸಿ ನಿಂತಿದೆ.

ಹಳೆಯ ಘಟಕಗಳು ನಿವೃತ್ತಿಯಾಗುವ ಮೊದಲು ಆಗಬೇಕಾದ ಒಂದು ಕೆಲಸವನ್ನು ಈ ಸಂಚಿಕೆಯ ಮೂಲಕ ನಿಗಮದ ಮುಂದಿಡುತ್ತೇನೆ. ಮೊದಲ ಎರಡು ಘಟಕಗಳ ಕಂಟ್ರೋಲ್ ರೂಮಿನ ಲಾಗ್ ಪುಸ್ತಕಗಳು, ತಾಸು ತಾಸಿನ ಉಷ್ಣತೆ, ಒತ್ತಡ, ಟ್ರಿಪ್ ಆದ ಹೊತ್ತು, ಶಿಫ್ಟ್ ಬದಲಿಸುವಾಗ ಒಬ್ಬರು ಇನ್ನೊಬ್ಬರಿಗೆ ಬರೆದಿಟ್ಟ ಟಿಪ್ಪಣಿ, ಇವುಗಳಲ್ಲಿ ಉಳಿದವನ್ನೆಲ್ಲ ರದ್ದಿಗೆ ಹಾಕದೆ ಕೂಡಿಡಬೇಕು. ಭೂಸ್ವಾಧೀನದ ಕಡತಗಳಿಂದ ಜಮೀನು ಕೊಟ್ಟ ರೈತರ ಪಟ್ಟಿಯನ್ನು ತೆಗೆದು, ಮನೆಯವರು ಒಪ್ಪಿದರೆ, ಕೇಂದ್ರದ ಮುಖ್ಯ ದ್ವಾರದಲ್ಲಿ ಕಲ್ಲಿನ ಮೇಲೆ ಕೆತ್ತಿಸಬೇಕು. 1985ರಲ್ಲಿ ಇಲ್ಲಿ ಕೆಲಸಕ್ಕಿದ್ದವರು ನಿವೃತ್ತರಾಗಿ ಬಹಳ ವರ್ಷಗಳಾದವು; ಟಿಪ್ಲರಿನವರು, ಮಿಲ್ಲಿನವರು, ವೆಲ್ಡರುಗಳು, ಸಲಾಕೆ ಹಿಡಿದ ಗುತ್ತಿಗೆಯವರು ಊರೂರು ಸೇರಿದ್ದಾರೆ. ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಲು ಒಂದು ಮೈಕು, ಜಿಲ್ಲೆಯ ಕಾಲೇಜುಗಳ ಹತ್ತಾರು ವಿದ್ಯಾರ್ಥಿಗಳು, ಒಂದು ಬೇಸಿಗೆ ರಜೆ ಸಾಕು. ಬರುವ ಏಪ್ರಿಲ್ಲಿನಲ್ಲೇ ಶುರುಮಾಡಬಹುದು.